ಒಗರು ಸದ್ದು

ಕಾವ್ ಬಾಂಗ್‌ನ ಏರಿನಲ್ಲಿ, ಮೂರನೇ ಗೇರಿನಲ್ಲಿ,
ಎಂಜಿನ್ ಕಾದ ಮೇಲಷ್ಟೇ ಬರುವ ಸದ್ದು:
ಟಕ್. ಕೊಂಚ ಬಿಟ್ಟು ಮತ್ತೆ, ಟಕ್.
ಮುಚ್ಚಿದ ಕೋಣೆಯ ಒಳಗಿನಿಂದ ಯಾರೋ
ಬೆರಳ ಗೆಣ್ಣಿನಲ್ಲಿ ಕದ ತಟ್ಟಿದ ಹಾಗೆ.

ಬೆನ್ನ ಹಿಂದೆ ಎರಡು ಬಿದಿರ ಬುಟ್ಟಿ,
ಬುಟ್ಟಿಗೆ ಅರವತ್ತರಂತೆ ಬಾತುಮರಿ.
ಅವುಗಳ ಗಲಾಟೆಯನ್ನೂ ದಾಟಿ ಕೇಳಿತೆಂದರೆ
ಸಣ್ಣ ಸದ್ದಲ್ಲ ಅದು.

ಮಿನ್ಸ್ಕ್ ಗಾಡಿ, ನನಗಿಂತ ಎರಡೇ ವರ್ಷ ಚಿಕ್ಕದು.
ದನದ ಡಾಕ್ಟರು ಎರಡು ಎಮ್ಮೆಗರುವಿಗೆ ಬಿಟ್ಟುಕೊಟ್ಟದ್ದು.
ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು,
ಒದ್ದರೆ ಏಳುತ್ತದೆ,
ಒಮ್ಮೊಮ್ಮೆ ಒದ್ದರೂ ಏಳುವುದಿಲ್ಲ.

ಚಹಾದಂಗಡಿಯ ಬೆ ಥಿ ಮಾಯ್
ಲೋಟ ತೊಳೆಯುತ್ತ ತಲೆಯೆತ್ತದೆ ಹೇಳಿದಳು:
ರಾಡು ಹೋಯಿತು, ಬರೆದಿಟ್ಟುಕೋ.
ಶಾಲೆಯ ಮೇಷ್ಟ್ರು, ಕಲಬೆರಕೆ ಪೆಟ್ರೋಲು ಎಂದರು.
ನಾದಿನಿಯ ಗಂಡ, ಮಾರಿಬಿಡು ಎಂದ.
ಕೊಳ್ಳುವವನು ತಾನೇ ಎಂದು ಮಾತ್ರ ಹೇಳಲಿಲ್ಲ.

ನನಗೂ ಒಂದಿಷ್ಟು ತಿಳಿಯುತ್ತದೆ.
ಕ್ಲಚ್ ಹಿಡಿದು ನೋಡಿದೆ, ಸದ್ದು ನಿಲ್ಲಲಿಲ್ಲ;
ಹಾಗಾದರೆ ಕ್ಲಚ್ಚಿನದಲ್ಲ.
ಪಿಸ್ಟನ್ ಸವೆದಿದ್ದರೆ ಬೆಳಗಿನ ಚಳಿಯಲ್ಲಿ ಬಡಿದುಕೊಂಡು
ಕಾದಂತೆ ಸುಮ್ಮನಾಗಬೇಕಿತ್ತು.
ಇದು ತಿರುಗಾಮುರುಗಾ.
ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಕಮ್ಮಾರರ ಹಳ್ಳಿಯ ಥುವಾನ್ ಹತ್ತಿರ ಹೋಗು ಎಂದವರು
ಅವನಿಗೆ ಕಿವಿ ಕೇಳದೆಂದು ಹೇಳಿರಲಿಲ್ಲ.
ಎಂಟನೇ ವಯಸ್ಸಿಗೇ ಸುತ್ತಿಗೆ ಹಿಡಿದವನು;
ಹಳೆಯ ಲಾರಿಗಳ ಪಟ್ಟಾ ಬಡಿದು ಬಡಿದು
ಊರಿಗೆಲ್ಲ ಕತ್ತಿ ಮಾಡಿ ಕೊಟ್ಟ,
ಕಿವಿ ಎರಡನ್ನೂ ಅಡಿಗಲ್ಲಿಗೆ ಕೊಟ್ಟ.

ನಾನು ಬಾಯಲ್ಲಿ ಟಕ್ ಟಕ್ ಎಂದು ಮಾಡಿ ತೋರಿಸಿದೆ.
ನನ್ನ ತುಟಿ ನೋಡಿ ನಕ್ಕ.
ಮೊಳದುದ್ದದ ಸ್ಕ್ರೂ ಡ್ರೈವರ್ ತೆಗೆದ.
ಮರದ ಹಿಡಿಯ ತುಂಬ ಹಲ್ಲಿನ ಗುರುತು,
ಜೋಳದ ದಿಂಡು ಕಚ್ಚಿಟ್ಟಂತೆ.

ಹಿಡಿಯನ್ನು ಹಲ್ಲಲ್ಲಿ ಕಚ್ಚಿದ, ಕಣ್ಣು ಮುಚ್ಚಿದ,
ಮೊನೆಯನ್ನು ಉರಿಯುವ ಎಂಜಿನ್ನಿಗೆ ಊರಿದ.
ಸಿಲಿಂಡರಿನ ತಲೆ. ಅಲ್ಲ.
ಹೊಟ್ಟೆಯ ಕೆಳಗೆ. ಅಲ್ಲ.
ಎಡಗಡೆ ಬಹಳ ಹೊತ್ತು ನಿಂತ,
ಜೊಲ್ಲು ಗದ್ದಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ.
ಬಲಗಡೆಯ ಮುಚ್ಚಳಕ್ಕೆ ಬಂದಾಗ
ಹುಬ್ಬು ಎದ್ದಿತು.

ತನ್ನ ದನಿ ತನಗೆ ಕೇಳದವನು, ಬೀದಿಗೆಲ್ಲ ಕೇಳುವಂತೆ ಹೇಳಿದ:
ಬೇರಿಂಗ್ ಹೋದರೆ ಹುಳಿ.
ಪಿಸ್ಟನ್ ಆದರೆ ಖಾರ, ಒಸಡಿಗೇ ಹತ್ತುತ್ತದೆ.
ಇದು ಒಗರು.
ಮುರಿದದ್ದಲ್ಲ ತಾಯಿ, ಸಡಿಲಾದದ್ದು.

ಮುಚ್ಚಳ ತೆಗೆದ. ನಟ್ಟು ಬೆರಳಿಗೇ ತಿರುಗಿತು.
ಚಕ್ರ ಎಳೆದ.
ದಂಡಕ್ಕೂ ಚಕ್ರಕ್ಕೂ ನಡುವೆ ಕೂತು
ಇಬ್ಬರನ್ನೂ ಒಂದೇ ಹೆಜ್ಜೆಗೆ ಹಿಡಿದಿಡುವ
ಅರ್ಧಚಂದ್ರದ ಕೀಲು,
ಉಗುರಿನಷ್ಟೇ ಇರುವುದು,
ಒಂದು ಬದಿ ಕಚ್ಚಿಹೋಗಿತ್ತು.
ಕೂದಲೆಳೆಯಷ್ಟು ಜಾಗ.
ಆ ಜಾಗದಲ್ಲಿ ಇಡೀ ಬೇಸಿಗೆ
ನನ್ನ ಗಾಡಿ ಕದ ತಟ್ಟುತ್ತಿತ್ತು.

ಅಂಗಡಿಯಲ್ಲಿ ಸಿಗುವ ಮಾಲಲ್ಲ. ಮುರಿದ ಕತ್ತಿಯ ಚೂರು ಆಯ್ದು
ಅರ ಹಿಡಿದು ಕೂತ. ಉಜ್ಜಿದ, ಇಟ್ಟು ನೋಡಿದ, ಮತ್ತೆ ಉಜ್ಜಿದ.
ಅಷ್ಟರಲ್ಲಿ ನನ್ನ ಮೂರು ಮರಿ ಬುಟ್ಟಿ ಹಾರಿ
ಅವನ ನೀರಿನ ತೊಟ್ಟಿಯಲ್ಲಿ ಈಜುತ್ತಿದ್ದವು,
ಕಾದ ಕಬ್ಬಿಣ ಅದ್ದುವ ತೊಟ್ಟಿಯಲ್ಲಿ.
ಹಣ ಕೇಳಲಿಲ್ಲ. ಆ ಮೂರನ್ನು ಬಿಟ್ಟುಹೋಗು ಎಂದ.

ಎಂಜಿನ್ ಚಾಲೂ ಮಾಡಿ ಕಾಯಿಸಿ ಕಾದೆವು.
ಟಕ್ ಇಲ್ಲ. ನಾನು ಕೈ ಆಡಿಸಿ, ಇಲ್ಲ ಎಂದೆ.
ನನ್ನ ಮಾತು ನಂಬದೆ ಇನ್ನೊಮ್ಮೆ ಕಚ್ಚಿ ನೋಡಿ
ತಲೆಯಾಡಿಸಿದ.
ಆಮೇಲೆ ಅದೇ ಹಿಡಿಯನ್ನು ಅಂಗಿಗೆ ಒರೆಸಿ
ನನ್ನ ಬಾಯಿಗೂ ಒಡ್ಡಿದ.

ಕಚ್ಚಿದೆ. ತಲೆಬುರುಡೆಯೆಲ್ಲ ಗುಂಯ್ ಎಂದಿತು,
ರುಚಿ ಒಂದೂ ತಿಳಿಯಲಿಲ್ಲ.
ಬೆವರು, ಮರ, ಅವನ ಹೊಗೆಸೊಪ್ಪು.

ಏರು ಹತ್ತಿದೆ. ಮೂರನೇ ಗೇರು. ಏನೂ ಇಲ್ಲ.
ಇಷ್ಟು ದಿನ ಕೇಳದಿದ್ದ ಚೈನಿನ ಕಿರುಕುಳ ಈಗ ಕೇಳಿಸುತ್ತದೆ,
ನಂಬರ್ ಪ್ಲೇಟಿನ ಲಟಲಟ,
ಮರಿಗಳು ನೂರಾ ಹದಿನೇಳು.
ತುದಿಯಲ್ಲಿ ನಿಲ್ಲಿಸಿ, ಜೇಬಿನಿಂದ
ಸವೆದ ಅರ್ಧಚಂದ್ರ ತೆಗೆದು
ನಾಲಗೆಯ ಮೇಲಿಟ್ಟು ನೋಡಿದೆ.

ಬರೀ ಎಣ್ಣೆ.
ಉಗಿದು ಹೊರಟೆ.